ಮದುಮಗನ ಬೆನ್ನಿಗೆ ಬಿದ್ದ ಬೀರು

ಮದುವೆಯ ದಿನ ಬೆಳಿಗ್ಗೆ, ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು, ಮದುಮಗನಾದವನು ಕೇಳಲೇಬಾರದ ಪ್ರಶ್ನೆಯೊಂದನ್ನು ಫೆರ್ಮಿನ್ ಕೇಳಿಬಿಟ್ಟ.

“ಬಾಸಿಲಿಯೊ, ಮಧ್ಯಾಹ್ನ ಕೋರ್ದೊಬಾಕ್ಕೆ ಬಸ್ಸು ಎಷ್ಟೊತ್ತಿಗಿದೆ, ಗೊತ್ತಾ?”

ಕ್ಷೌರಿಕ ಬಾಸಿಲಿಯೊನ ಕತ್ತಿ ಅವನ ಗಲ್ಲದ ಮೇಲೆ ನಿಂತಲ್ಲೇ ನಿಂತಿತು. ರೊಸಾರಿಯೊ ಊರಿನ ಆ ಕೇರಿಯಲ್ಲಿ ಜನ ಬಾಸಿಲಿಯೊನ ಅಂಗಡಿಗೆ ಹೋಗುತ್ತಿದ್ದುದೇ ಕೂದಲು ಕೊಟ್ಟು ಸುದ್ದಿ ತರುವುದಕ್ಕೆ. ಆದರೆ ಇಷ್ಟು ದೊಡ್ಡ ಸುದ್ದಿ ತಾನಾಗಿಯೇ ಬಂದು ಅವನ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. “ಬಿಸಿನೀರು ಆರೋಯ್ತು, ತರ್ತೀನಿ ಇರು” ಎಂದವನೇ ಮದುಮಗನನ್ನು ಅರ್ಧ ಗಲ್ಲದ ನೊರೆಯ ಸಮೇತ ಬಿಟ್ಟು ಹಿಂಬಾಗಿಲಿನಿಂದ ಓಡಿದ. ಓಡಿದ್ದು ಒಲೆಯ ಕಡೆಗಲ್ಲ, ದೊನ್ಯಾ ಎರ್ಮಿನಿಯಾಳ ಅಂಗಡಿಯ ಕಡೆಗೆ.

ದೊನ್ಯಾ ಎರ್ಮಿನಿಯಾ ಮದುಮಗಳ ತಾಯಿ. ಹಸಿ ಪಾಸ್ತಾ ಮಾಡಿ ಮಾರುವವಳು. ಹಿಟ್ಟಿನ ಹಾಗೆಯೇ ಮನುಷ್ಯರನ್ನೂ ನಾದಿ, ಲಟ್ಟಿಸಿ, ತನಗೆ ಬೇಕಾದ ಆಕಾರಕ್ಕೆ ಕತ್ತರಿಸುವ ಹೆಂಗಸು. ಒಬ್ಬಳೇ ಮಗಳು ಮಾರಿಸೆಲ್, ಮನೆಮನೆಗೆ ಸೋಡಾ ಬಾಟಲಿ ಹಾಕುವ ಫೆರ್ಮಿನ್‌ನನ್ನು ಮೆಚ್ಚಿದಾಗ ಅವಳು ಬೇಡ ಎನ್ನಲಿಲ್ಲ. ಮದುವೆಯಾದ ಮೇಲೆ ಇಬ್ಬರೂ ತನ್ನ ಮನೆಯಲ್ಲೇ, ತನ್ನ ಮಲಗುವ ಕೋಣೆಯ ಪಕ್ಕದ ಕೋಣೆಯಲ್ಲೇ ಇರಬೇಕು ಎಂದಳು. ಫೆರ್ಮಿನ್ “ಆಗಲಿ ದೊನ್ಯಾ” ಎಂದ. ಎರ್ಮಿನಿಯಾಳ ಎದುರು ‘ಆಗಲ್ಲ’ ಎನ್ನುವ ಧೈರ್ಯ ಆ ಕೇರಿಯಲ್ಲಿ ಒಬ್ಬನಿಗಿತ್ತು; ಅವನು ಅವಳ ಗಂಡ, ತೀರಿಕೊಂಡು ಬಹಳ ವರ್ಷವಾಗಿತ್ತು.

“ಕೋರ್ದೊಬಾ? ಇವತ್ತಾ? ನಾಲ್ಕು ಗಂಟೆಗೆ ಮದುವೆ ಇಟ್ಕೊಂಡು?” ಎರ್ಮಿನಿಯಾಳ ಕೈಯಲ್ಲಿದ್ದ ಹಿಟ್ಟಿನುಂಡೆ ಹಪ್ಪಳವಾಯಿತು.

“ನಾನೇನೂ ಹೇಳ್ಲಿಲ್ಲಪ್ಪ. ಅವನು ಕೇಳಿದ್ದನ್ನ ಹೇಳ್ದೆ ಅಷ್ಟೆ.”

“ಓಡಿಹೋಗ್ತಾನೆ ಪಡಪೋಶಿ! ಇಡೀ ಕೇರಿ ಮುಂದೆ ನನ್ನ ಮಗಳನ್ನ ನಿಲ್ಲಿಸಿ ಓಡಿಹೋಗ್ತಾನೆ! ನಾನು ಸುಮ್ನಿರ್ತೀನಾ?”

ಅವಳು ಸುಮ್ಮನಿರಲಿಲ್ಲ. ಹಿಟ್ಟಿನ ಕೈಯಲ್ಲೇ ಪಕ್ಕದ ಮನೆಗೆ ನಡೆದಳು. ಬಾಸಿಲಿಯೊ ಹಿಂದೆಯೇ ಹೋದ. ಬಿಸಿನೀರಿನ ವಿಷಯ ಅವನಿಗೆ ಮರೆತೇಹೋಗಿತ್ತು.

ಪಕ್ಕದ ಮನೆಯ ದ್ರಾಕ್ಷಿ ಚಪ್ಪರದ ಕೆಳಗೆ ಎದೆಲ್ಮಿರೊ ಗೌನಾ ಎರಡೂ ಕಾಲು ಚಾಚಿ, ಕೊಳವೆಯಿಂದ ಮಾಟೆ ಕಷಾಯ ಹೀರುತ್ತ ಕೂತಿದ್ದ. ಅವನನ್ನು ಹೆಸರು ಹಿಡಿದು ಕರೆಯುವವರು ಆ ಕೇರಿಯಲ್ಲಿ ಬಹಳ ಇರಲಿಲ್ಲ. ಹೆಚ್ಚಿನವರಿಗೆ ಅವನು ‘ಬೀರು’. ಎತ್ತರದಲ್ಲಿ ಬೀರು, ಅಗಲದಲ್ಲಿ ಬೀರು, ಅಲುಗಾಡಿದರೆ ಕೀಲುಗಳು ಕಿರ್ರೆನ್ನುವುದರಲ್ಲೂ ಬೀರು. ಒಂದು ಕಾಲಕ್ಕೆ ದೇಶದ ಬಿಳಿ ಮತ್ತು ತಿಳಿನೀಲಿ ಪಟ್ಟೆಯ ಅಂಗಿ ತೊಟ್ಟು ಫುಟ್‌ಬಾಲ್ ಆಡಿದ ಡಿಫೆಂಡರ್. ಆಡಿದ ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ಗೋಲು ಹೊಡೆದವನಲ್ಲ. ಬೇರೆಯವರು ಹೊಡೆಯದ ಹಾಗೆ ನೋಡಿಕೊಳ್ಳುವುದು ಅವನ ಕಸುಬು. ಎದುರು ತಂಡದಲ್ಲಿ ಯಾರು ಅತಿ ಚುರುಕೋ ಅವನ ಬೆನ್ನಿಗೆ ಒದ್ದೆ ಬಟ್ಟೆಯ ಹಾಗೆ ಅಂಟಿಕೊಳ್ಳುತ್ತಿದ್ದ. ಅಂಗಿ ಜಗ್ಗುತ್ತಿದ್ದ, ಕಾಲ್ಬೆರಳು ತುಳಿಯುತ್ತಿದ್ದ, ರೆಫ್ರಿ ಆಚೆ ತಿರುಗಿದಾಗ ಕಿವಿಯ ಹತ್ತಿರ ಬಗ್ಗಿ “ನಿಮ್ಮತ್ತೆ ಆರೋಗ್ಯವಾಗಿದಾರಾ?” ಎಂದು ವಿಚಾರಿಸುತ್ತಿದ್ದ. ಇಟಲಿಯಲ್ಲಿ ಆಡುತ್ತಿದ್ದಾಗ ಒಬ್ಬ ಹೆಸರಾಂತ ಆಟಗಾರ ಇವನ ಕಾಟ ತಾಳಲಾರದೆ ಮೈದಾನ ಬಿಟ್ಟು ಹೋಗಿ ಕಾರಿನಲ್ಲಿ ಕೂತು ಅತ್ತನಂತೆ.

ಕೇರಿ ನೆನಪಿಟ್ಟುಕೊಂಡದ್ದು ಅದನ್ನಲ್ಲ. ದೇಶಕ್ಕಾಗಿ ಆಡಿದ ಕೊನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ಉರುಗ್ವೆಯ ಒಬ್ಬ ಗಿಡ್ಡ ಆಟಗಾರ ಚೆಂಡನ್ನು ಗೌನಾನ ಎರಡು ಕಾಲುಗಳ ಸಂದಿಯಿಂದ ಉರುಳಿಸಿ, ಸುತ್ತು ಹಾಕಿ ಹೋಗಿ ಹಿಂದೆ ಅದನ್ನು ಹಿಡಿದು, ಗೋಲು ಹೊಡೆದುಬಿಟ್ಟಿದ್ದ. ಅದಾಗಿ ಹನ್ನೆರಡು ವರ್ಷ. ಇವತ್ತಿಗೂ ಗೌನಾ ಬಂದರೆ ಹಣ್ಣಿನಂಗಡಿಯವನು ಒಂದು ಕಿತ್ತಳೆಯನ್ನು ನೆಲದ ಮೇಲೆ ಉರುಳಿಸಿ “ಕಾಲು ಕೂಡ್ಸು ಬೀರು!” ಎಂದು ಕೂಗುತ್ತಾನೆ. ಗೌನಾ ನಗುತ್ತಾನೆ. ಮನೆಗೆ ಬಂದು ಆ ಕಿತ್ತಳೆ ಸುಲಿಯುವಾಗ ನಗುವುದಿಲ್ಲ.

“ಬೀರು, ಏಳು!” ಎಂದಳು ಎರ್ಮಿನಿಯಾ. “ಫೆರ್ಮಿನ್ ಓಡಿಹೋಗೋಕೆ ಹೊಂಚು ಹಾಕಿದಾನೆ. ನಾಲ್ಕು ಗಂಟೆಗೆ ಅವನನ್ನ ರಿಜಿಸ್ಟ್ರಾರ್ ಆಫೀಸಿಗೆ ತಂದು ಒಪ್ಪಿಸೋವರೆಗೂ ನೀನು ಅವನ ಬೆನ್ನು ಬಿಡಕೂಡದು.”

“ನಾನಾ? ದೊನ್ಯಾ, ನನ್ನ ಮಂಡಿ ನೋಡಿದೀರಾ? ಮೆಟ್ಟಿಲು ಹತ್ತೋಕೆ...”

“ಮಂಡಿ ಅಂತೆ ಮಂಡಿ! ಪೊಲೀಸಿನವರನ್ನ ಕರೆದ್ರೆ ನನ್ನ ಮಾನ ಹೋಗುತ್ತೆ. ನೀನಾದ್ರೆ ಯಾರೋ ಸ್ನೇಹಿತ ಜೊತೆಗಿದಾನೆ ಅಂದ್ಕೋತಾರೆ.”

“ಮಾರಿಸೆಲ್‌ಗೆ ಗೊತ್ತಾ ಇದು?”

“ಅವಳ ಕಿವಿಗೆ ಬಿದ್ರೆ ಎದೆ ಒಡ್ಕೊಂಡು ಸಾಯ್ತಾಳೆ! ಪಾಪ, ತಲೆ ಬಾಚಿಸ್ಕೊಂಡು ಬರ್ತೀನಿ ಅಂತ ಬೆಳಿಗ್ಗೇನೇ ಪೇಟೆಗೆ ಹೋಗಿದೆ ಕೂಸು.”

ಅಡುಗೆಮನೆಯ ಕಿಟಕಿಯಿಂದ ಗೌನಾನ ಹೆಂಡತಿ ಸುಲೆಮಾ ತಲೆ ಹಾಕಿದಳು. “ಹೋಗ್ರೀ. ಇಲ್ಲಿ ಕೂತು ನೊಣ ಎಣಿಸೋ ಬದಲು ನಾಲ್ಕು ಜನಕ್ಕೆ ಉಪಕಾರ ಮಾಡಿ.”

ಗೌನಾ ಇನ್ನೂ ಅನುಮಾನಿಸುತ್ತಿದ್ದ. ಆಗ ಬಾಸಿಲಿಯೊ ಹಲ್ಲು ಕಿರಿದು ಒಂದು ಮಾತೆಸೆದ. “ಹೋಗ್ಲಿ ಬಿಡಿ ದೊನ್ಯಾ. ಇವನೂ ಕಾಲ ಸಂದಿಯಿಂದ ನುಸುಳಿ ಹೋದ್ರೆ ಬೀರು ಇನ್ನೊಂದು ಹನ್ನೆರಡು ವರ್ಷ ಕಿತ್ತಳೆ ತಿನ್ಬೇಕಾಗುತ್ತೆ.”

ಗೌನಾ ಕಷಾಯದ ಬುರುಡೆಯನ್ನು ನೆಲಕ್ಕಿಟ್ಟ.

“ಸುಲೆಮಾ,” ಎಂದ, “ನನ್ನ ಕರೀ ಕೋಟು ತಾ.”

ಫೆರ್ಮಿನ್ ಉಳಿದರ್ಧ ಗಲ್ಲವನ್ನು ತಾನೇ ಬೋಳಿಸಿಕೊಂಡು, ಮೂರು ಕಡೆ ಗಾಯ ಮಾಡಿಕೊಂಡು ತನ್ನ ಬಾಡಿಗೆ ಕೋಣೆಗೆ ವಾಪಸಾಗಿದ್ದ. ಬಾಗಿಲು ತಟ್ಟಿದ ಸದ್ದಿಗೆ ತೆರೆದರೆ ಹೊರಗಿನ ಬೆಳಕೆಲ್ಲ ನಂದಿಹೋಗಿತ್ತು. ಬಾಗಿಲಿನ ತುಂಬ ಗೌನಾ.

“ದೊನ್ ಎದೆಲ್ಮಿರೊ! ಏನು ಇಷ್ಟು ದೂರ?”

“ಮದುವೆ ದಿನ ಮದುಮಗ ಒಬ್ಬನೇ ಇರಬಾರದು ಅಂತಾರೆ. ಜೊತೆಗಿರೋಣ ಅಂತ ಬಂದೆ.”

“ಸಂತೋಷ. ಎಷ್ಟೊತ್ತು ಇರ್ತೀರಿ?”

“ನಾಲ್ಕು ಗಂಟೆವರೆಗೂ.”

ಫೆರ್ಮಿನ್‌ನ ಮುಖದಲ್ಲಿ ಗಾಯದ ಹೊರತಾಗಿ ಬೇರೆಲ್ಲೂ ರಕ್ತ ಉಳಿಯಲಿಲ್ಲ. ಮಂಚದ ಕೆಳಗಿನಿಂದ ಒಂದು ಪೆಟ್ಟಿಗೆಯ ಮೂಲೆ ಇಣುಕುತ್ತಿತ್ತು. ಅವನು ಅದನ್ನು ಹಿಮ್ಮಡಿಯಿಂದ ಒಳಗೆ ತಳ್ಳಿದ.

“ಅದೇನು?”

“ಒಗೆಯೋ ಬಟ್ಟೆ.”

“ಇಸ್ತ್ರಿ ಮಾಡಿದ ಹಾಗಿದೆ.”

“ನಾನು ಇಸ್ತ್ರಿ ಮಾಡಿ ಆಮೇಲೆ ಒಗೀತೀನಿ,” ಎಂದ ಫೆರ್ಮಿನ್. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಸ್ವಲ್ಪ ಬಚ್ಚಲುಮನೆಗೆ ಹೋಗಿ ಬರ್ತೀನಿ, ಕೂತಿರಿ.”

ಗೌನಾ ಕೂರಲಿಲ್ಲ. ಬಚ್ಚಲುಮನೆಯ ಚಿಲಕ ಬಿದ್ದ ಕೂಡಲೇ ಹೊರಗೆ ಹೋಗಿ, ಮನೆ ಸುತ್ತಿ, ಹಿಂದಿನ ಸಣ್ಣ ಕಿಟಕಿಯ ಕೆಳಗೆ ನಿಂತ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಮೊದಲು ಆ ಪೆಟ್ಟಿಗೆ ಬಂತು. ಅದು ಯಾವಾಗ ಬಚ್ಚಲಿಗೆ ಹೋಯಿತೋ ಗೌನಾನಿಗೆ ತಿಳಿಯಲಿಲ್ಲ. ಈ ಹುಡುಗನ ಕೈಚಳಕಕ್ಕೆ ಒಳಗೊಳಗೇ ಶಹಭಾಸ್ ಎಂದ. ಆಮೇಲೆ ಒಂದು ಕಾಲು ಬಂತು. ಗೌನಾ ಅದನ್ನು ಮೆಲ್ಲಗೆ, ಅಂಗಡಿಯಲ್ಲಿ ಸೌತೆಕಾಯಿ ಆರಿಸುವವನಂತೆ, ಹಿಡಿದುಕೊಂಡ.

“ಈ ಕಡೆ ಬಾಗಿಲಿಲ್ಲ, ಫೆರ್ಮಿನ್.”

“ಗಾಳಿಗೆ ಇಟ್ಟಿದ್ದೆ,” ಎಂದಿತು ಒಳಗಿನಿಂದ ಒಂದು ಕ್ಷೀಣ ಸ್ವರ. “ಕಾಲಿಗೆ ಗಾಳಿ ಬೇಕು ಅಂತ ಡಾಕ್ಟ್ರು ಹೇಳಿದಾರೆ.”

“ಈಗ ಸಾಕು, ಶೀತ ಆಗುತ್ತೆ,” ಎಂದು ಗೌನಾ ಕಾಲನ್ನು ಒಳಗೆ ತಳ್ಳಿದ.

ನೀಲಿ ಜಕರಂದಾ ಹೂವುಗಳು ಬೀದಿಯ ತುಂಬ ಉದುರಿ ಬಿದ್ದಿದ್ದ ದಿನ ಅದು. ಊಟದ ಹೊತ್ತಿಗೆ ಫೆರ್ಮಿನ್‌ಗೆ ಇದ್ದಕ್ಕಿದ್ದಂತೆ ಗಿರಾಕಿಗಳ ನೆನಪಾಯಿತು. ಮದುವೆಯ ದಿನವೆಂದು ಜನ ಸೋಡಾ ಇಲ್ಲದೆ ವೈನ್ ಕುಡಿಯುವುದು ನ್ಯಾಯವಲ್ಲ, ಒಂದು ಸುತ್ತು ಬಾಟಲಿ ಹಾಕಿ ಬರುತ್ತೇನೆ ಎಂದು ಪೆಟ್ಟಿಗೆಯ ಸಮೇತ ತನ್ನ ಪುಟ್ಟ ಲಾರಿಗೆ ಹಾರಿ ಕೂತ. ಗೌನಾ ಮುಂದೆ ಹತ್ತಲು ಹೋಗಲಿಲ್ಲ. ಹಿಂದೆ, ಬಾಟಲಿಗಳ ಪಕ್ಕ, ಲಾರಿಯ ತುದಿಯಲ್ಲಿ ಕೂತ. ಲಾರಿ ಹಳೆಯದು. ಹಿಂಬದಿ ನೆಲಕ್ಕೆ ಕುಸಿದು ಮೂತಿ ಮೇಲೆದ್ದು, ಬೊಗಳುವ ನಾಯಿಯ ಹಾಗೆ ಆಕಾಶ ನೋಡುತ್ತ ನಿಂತಿತು. ಫೆರ್ಮಿನ್ ಎಂಜಿನ್ನನ್ನು ಗರ್ಜಿಸುವಂತೆ ಮಾಡಿದ. ಲಾರಿ ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಹೊರಟಿತು. ಪಕ್ಕದಲ್ಲೇ ಬಾಸಿಲಿಯೊ ನಡೆಯುತ್ತಿದ್ದ. ಅವನು ಆಗಲೇ ಅಂಗಡಿ ಮುಚ್ಚಿ, ಕತ್ತರಿ ಇಡುವ ಚೀಲವನ್ನು ಹೆಗಲಿಗೇರಿಸಿ, ರೇಡಿಯೊದಲ್ಲಿ ಆಟ ಬಣ್ಣಿಸುವವರ ದನಿ ತೆಗೆದಿದ್ದ.

“ಫೆರ್ಮಿನ್ ಎಡಗಡೆಯಿಂದ ಬರ್ತಾ ಇದಾನೆ! ಬೀರು ಹಿಂದೇನೇ ಇದಾನೆ! ಬಿಡ್ತಾ ಇಲ್ಲ, ಬಿಡ್ತಾ ಇಲ್ಲ!”

ಮಾಳಿಗೆಗಳಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿದರು. ಬಾಗಿಲುಗಳಲ್ಲಿ ಜನ ನಿಂತರು. ಮೂಲೆಯಲ್ಲಿ ಫೆರ್ಮಿನ್ ಗಕ್ಕನೆ ಲಾರಿ ತಿರುಗಿಸಿದಾಗ ಗೌನಾ ಬೀಳಲಿಲ್ಲ, ಆದರೆ ಅವನ ಬೆನ್ನು ಅದುಮಿದರೆ ಸೋಡಾ ಚಿಮ್ಮುವ ನಾಲ್ಕಾರು ಬಾಟಲಿಗಳ ಹಿಡಿಕೆಗೆ ಒಟ್ಟಿಗೇ ಒತ್ತಿತು. ಬುಸ್ಸೆಂದು ನಾಲ್ಕೂ ಕಡೆಯಿಂದ ಕಾರಂಜಿ ಚಿಮ್ಮಿ, ಕರೀ ಕೋಟು, ಮೀಸೆ, ಕಿವಿ ಎಲ್ಲ ಗುಳ್ಳೆಗುಳ್ಳೆಯಾಯಿತು. ಆದರೂ ಅವನು ಲಾರಿಯ ಅಂಚು ಬಿಡಲಿಲ್ಲ. ಹಣ್ಣಿನಂಗಡಿಯವನು ಕೈಯಲ್ಲಿ ಕಿತ್ತಳೆ ಹಿಡಿದು ಹೊರಗೆ ಬಂದವನು ಅದನ್ನು ಉರುಳಿಸುವುದನ್ನೇ ಮರೆತು ಬಾಯಿ ತೆರೆದು ನಿಂತ.

ಚೌಕದ ಹತ್ತಿರ ಲಾರಿ ಕೆಮ್ಮಿ ನಿಂತುಹೋಯಿತು. ಫೆರ್ಮಿನ್ ಪೆಟ್ಟಿಗೆ ಹಿಡಿದು ಕೆಳಕ್ಕೆ ಹಾರಿ ಓಡಿದ.

ಗೌನಾ ಓಡಲಿಲ್ಲ. ಓಡುವವರ ಹಿಂದೆ ಓಡಿ ಯಾರನ್ನೂ ಹಿಡಿಯಲಾಗದು ಎಂದು ಅವನಿಗೆ ಇಪ್ಪತ್ತನೇ ವಯಸ್ಸಿಗೇ ತಿಳಿದಿತ್ತು. ಚೌಕದಲ್ಲಿ ನಡುವೆ ಕುದುರೆಯ ಮೇಲೆ ಕೂತ ಜನರಲ್ಲನ ಪ್ರತಿಮೆ, ಸುತ್ತ ಬೇಲಿ. ಆಚೆ ಬಸ್‌ಸ್ಟ್ಯಾಂಡಿನ ರಸ್ತೆಗೆ ಇರುವುದು ಒಂದೇ ಸಣ್ಣ ಗೇಟು. ಅವನು ನೇರ ನಡೆದುಹೋಗಿ ಆ ಗೇಟಿನಲ್ಲಿ ನಿಂತ. ಫೆರ್ಮಿನ್ ಪ್ರತಿಮೆಯನ್ನು ಒಂದು ಸುತ್ತು ಸುತ್ತಿ ಬಂದು ನೋಡಿದರೆ ಎದುರಿಗೆ ಬೀರು.

ಫೆರ್ಮಿನ್ ಎಡಕ್ಕೆ ಬಾಗಿದ. ಗೌನಾ ಅಲುಗಲಿಲ್ಲ. ಬಲಕ್ಕೆ ಬಾಗಿದ. ಗೌನಾ ಅವನ ಹೆಗಲನ್ನು ನೋಡಲಿಲ್ಲ, ಕಣ್ಣನ್ನು ನೋಡಲಿಲ್ಲ, ಸೊಂಟವನ್ನು ನೋಡಿದ. ಮನುಷ್ಯನ ಸೊಂಟ ಸುಳ್ಳು ಹೇಳುವುದಿಲ್ಲ. ಬೆಂಚುಗಳ ಮೇಲೆ ಚದುರಂಗ ಆಡುತ್ತಿದ್ದ ಮುದುಕರು ಎದ್ದು ನಿಂತರು. ಕೂಗಿ ಕೂಗಿ ಬಾಸಿಲಿಯೊನ ಗಂಟಲು ಹೋಗಿತ್ತು.

“ನಿಮ್ಮತ್ತೆ ಆರೋಗ್ಯವಾಗಿದಾರಾ, ಫೆರ್ಮಿನ್?” ಎಂದು ಗೌನಾ ಮೆಲ್ಲಗೆ ಕೇಳಿದ.

ಅದು ತಾಗಿತು. ಫೆರ್ಮಿನ್ ಕಣ್ಣು ಮುಚ್ಚಿ, ಪೆಟ್ಟಿಗೆ ಎದೆಗವಚಿ, ತಲೆ ತಗ್ಗಿಸಿ ಗೌನಾನ ಎರಡು ಕಾಲುಗಳ ಸಂದಿಗೇ ನುಗ್ಗಿದ!

ಇಡೀ ಚೌಕ “ಅಯ್ಯೋ!” ಎಂದಿತು. ಹನ್ನೆರಡು ವರ್ಷದ ಕಿತ್ತಳೆಗಳೆಲ್ಲ ಒಂದೇ ಸಲ ಗೌನಾನ ಕಣ್ಣ ಮುಂದೆ ಉರುಳಿದವು. ಕಿರ್ರ್ ಎಂದು ಸದ್ದು ಬಂತು, ಮೊದಲು ಬಲ ಮಂಡಿಯಿಂದ, ಆಮೇಲೆ ಎಡದಿಂದ. ಬೀರುವಿನ ಎರಡೂ ಬಾಗಿಲು ಮುಚ್ಚಿಕೊಂಡವು. ಹಿಂದುಗಡೆ ಫೆರ್ಮಿನ್‌ನ ತಲೆ ಮತ್ತು ಪೆಟ್ಟಿಗೆ, ಮುಂದುಗಡೆ ಅವನ ಸೊಂಟ ಮತ್ತು ಕಾಲು, ನಡುವೆ ಗೌನಾನ ಮಂಡಿಗಳು.

ಆಮೇಲಿನ ಗದ್ದಲವನ್ನು ಹೇಳಿ ಪ್ರಯೋಜನವಿಲ್ಲ. ಮುದುಕರು ಟೋಪಿ ಎಸೆದರು. ಯಾರೋ ತಮಟೆ ತಂದರು. ಹಣ್ಣಿನಂಗಡಿಯವನು ಓಡಿಬಂದು ಗೌನಾನ ಒದ್ದೆ ಮೀಸೆಗೆ ಮುತ್ತಿಟ್ಟು “ಕ್ಷಮ್ಸು ಬೀರು, ಇನ್ಮೇಲೆ ಕಿತ್ತಳೆ ಕೈಗೇ ಕೊಡ್ತೀನಿ!” ಎಂದು ಅತ್ತ. ಗೌನಾನಿಗೆ ಮಂಡಿ ಎಷ್ಟು ನೋಯುತ್ತಿತ್ತೆಂದರೆ ಬಾಯಿ ತೆರೆದರೆ ಕಿರುಚುತ್ತಿದ್ದ. ಆದರೆ ಮುಖ ಮಾತ್ರ ಮಗು ಹುಟ್ಟಿದ ದಿನದಂತೆ ಅರಳಿತ್ತು.

ಬೆಂಚಿನ ಮೇಲೆ ಇಬ್ಬರೂ ಕೂತರು. ಗೌನಾ ಒಂದು ಕೈಯಲ್ಲಿ ಫೆರ್ಮಿನ್‌ನ ಕಾಲರು ಹಿಡಿದಿದ್ದ, ಇನ್ನೊಂದರಲ್ಲಿ ಮಂಡಿ ತಿಕ್ಕುತ್ತಿದ್ದ.

“ದೊನ್ ಎದೆಲ್ಮಿರೊ, ದಮ್ಮಯ್ಯ ಅಂತೀನಿ,” ಎಂದ ಫೆರ್ಮಿನ್. “ಒಂದೇ ಒಂದು ಗಂಟೆ ಬಿಡಿ. ಇವತ್ತೇ ಮದುವೆ ಆಗ್ತೀನಿ. ಖಂಡಿತ ಆಗ್ತೀನಿ. ನಮ್ಮಮ್ಮನಾಣೆ.”

“ಆಟದಲ್ಲಿ ಒಬ್ಬ, ‘ಅಮ್ಮ ತೀರ್ಕೊಂಡ್ರು, ಇವತ್ತೊಂದಿನ ಮೆತ್ತಗೆ ಆಡು’ ಅಂತ ನನ್ನ ಹತ್ರ ಅತ್ತ. ಮೆತ್ತಗೆ ಆಡ್ದೆ. ಎರಡು ಗೋಲು ಹೊಡ್ದ. ಆಟ ಮುಗಿದ ಮೇಲೆ ಅವರಮ್ಮಾನೇ ಬಂದು ನನ್ನ ಕೈ ಕುಲುಕಿದ್ರು.”

“ಅಲ್ಲ... ಅಲ್ಲಿ ಬಸ್‌ಸ್ಟ್ಯಾಂಡಲ್ಲಿ...” ಫೆರ್ಮಿನ್ ತುಟಿ ಕಚ್ಚಿಕೊಂಡ. “ಒಬ್ಬಳು ನನಗೋಸ್ಕರ ಕಾಯ್ತಿದಾಳೆ.”

ಗೌನಾನ ಮುಖದ ನಗು ಇಳಿಯಿತು. ಅಷ್ಟು ಹೊತ್ತು ಅವನಿಗೆ ಈ ಹುಡುಗನ ಮೇಲೆ ಒಂದು ಬಗೆಯ ಪ್ರೀತಿಯೇ ಬಂದಿತ್ತು. ಎರ್ಮಿನಿಯಾಳಂಥ ಅತ್ತೆಗೆ ಹೆದರಿ ಓಡುವುದು ಯಾರಿಗೂ ಅರ್ಥವಾಗುವ ಮಾತು. ಇದು ಬೇರೆ.

“ಒಬ್ಬಳು? ಮದುವೆ ದಿನ? ಯಾರವಳು?”

“ಹೇಳಂಗಿಲ್ಲ. ಹೇಳಲ್ಲ ಅಂತ ಅವಳಿಗೆ ಆಣೆ ಮಾಡಿದೀನಿ.”

“ಥೂ, ನಾಚ್ಕೆಗೆಟ್ಟವನೆ! ಅಲ್ಲಿ ಮಾರಿಸೆಲ್ ಪಾಪ ತಲೆ ಬಾಚಿಸ್ಕೊಳ್ತಾ ಕೂತಿದ್ರೆ, ಇಲ್ಲಿ ನೀನು...” ಕಾಲರು ಹಿಡಿದಿದ್ದ ಮುಷ್ಟಿ ಇನ್ನೊಂದು ಸುತ್ತು ತಿರುಚಿತು. “ನಡಿ. ನಿನ್ನ ಬಿಡೋ ಮಾತೇ ಇಲ್ಲ.”

ಫೆರ್ಮಿನ್ ಪೆಟ್ಟಿಗೆ ಎತ್ತಿಕೊಂಡು ನಡೆದ.

ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಮೇಲೆ ಕೇರಿಗೆ ಕೇರಿಯೇ ನೆರೆದಿತ್ತು. ಗೌನಾ ಮದುಮಗನನ್ನು ಹೆಗಲಿಗೆ ಹೆಗಲು ಹಚ್ಚಿ ತರುವುದನ್ನು ಕಂಡು ಜನ ಅವನ ಹೆಸರು ಹಿಡಿದು ಕೂಗಿದರು, ಬೀರು ಎಂದಲ್ಲ, “ಗೌನಾ! ಗೌನಾ!” ಎಂದು, ಹಿಂದೆ ಮೈದಾನದಲ್ಲಿ ಕೂಗುತ್ತಿದ್ದ ಹಾಗೆ. ಫೆರ್ಮಿನ್‌ನ ಒಂದು ಶೂ ಚೌಕದಲ್ಲೇ ಉಳಿದಿತ್ತು, ಅಂಗಿಯ ಕಾಲರು ಕಿತ್ತು ಗೌನಾನ ಕೈಗೆ ಬಂದಿತ್ತು. ಎರ್ಮಿನಿಯಾ ರೇಷ್ಮೆ ಬಟ್ಟೆಯುಟ್ಟು ರಾಣಿಯ ಹಾಗೆ ಇಳಿದು ಬಂದು ಗೌನಾನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಸುಲೆಮಾ ಎಲ್ಲರಿಗೂ ಕೇಳುವ ಹಾಗೆ “ನಮ್ಮೆಜಮಾನ್ರು!” ಎಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಆ ದನಿಯಲ್ಲಿ ಹಾಗೆಂದದ್ದು ಗೌನಾನಿಗೆ ನೆನಪಿರಲಿಲ್ಲ.

ನಾಲ್ಕು ಹೊಡೆಯಿತು. ಮದುಮಗಳಿಲ್ಲ.

“ಬರ್ತಾಳೆ, ಬರ್ತಾಳೆ,” ಎಂದಳು ಎರ್ಮಿನಿಯಾ. “ಚೆಂದದ ಕೂದಲು, ಹೊತ್ತು ಹಿಡಿಯುತ್ತೆ.”

ಇನ್ನಷ್ಟು ಹೊತ್ತು ಕಳೆಯಿತು. ಮದುವೆ ಮಾಡಿಸುವ ಅಧಿಕಾರಿಣಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಗಡಿಯಾರ ನೋಡಿದಳು. ಆಗಿನ್ನೂ ಜನ ಜೇಬಿನಲ್ಲಿ ಫೋನಿಟ್ಟುಕೊಂಡು ತಿರುಗುವ ಕಾಲವಲ್ಲ, ಕಾಯುವುದೊಂದೇ ದಾರಿ. ಅಷ್ಟರಲ್ಲಿ ಒಂದು ಟ್ಯಾಕ್ಸಿ ಬಂದು ನಿಂತಿತು. ಇಳಿದವಳು ಮಾರಿಸೆಲ್. ಮೈಮೇಲೆ ಪ್ರಯಾಣದ ಪ್ಯಾಂಟು, ಕೂದಲು ಹಕ್ಕಿಗೂಡು, ಕೈಯಲ್ಲಿ ಫೆರ್ಮಿನ್‌ನದರ ಜೊತೆಯದೇ ಎನ್ನುವಂಥ ಪೆಟ್ಟಿಗೆ. ಅವಳು ತಾಯಿಯನ್ನು ನೋಡಲಿಲ್ಲ, ಅಧಿಕಾರಿಣಿಯನ್ನು ನೋಡಲಿಲ್ಲ. ನೇರ ಮೆಟ್ಟಿಲು ಹತ್ತಿ ಬಂದು ಆ ಪೆಟ್ಟಿಗೆಯಿಂದಲೇ ಫೆರ್ಮಿನ್‌ನ ಹೊಟ್ಟೆಗೊಂದು ಕೊಟ್ಟಳು.

“ಮೂರು ಬಸ್ಸು! ಮೂರು ಬಸ್ಸು ಹೋದ್ವು ಕಣೋ! ಬಸ್‌ಸ್ಟ್ಯಾಂಡಲ್ಲಿ ಬೆಳಗ್ಗಿಂದ ನಿಂತಿದೀನಿ, ಯಾರೋ ಬಿಟ್ಟುಹೋದ ಚೀಲದ ಹಾಗೆ!”

“ನನ್ನೇನ್ ಕೇಳ್ತೀಯ?” ಫೆರ್ಮಿನ್ ಗೌನಾನತ್ತ ಬೆರಳು ತೋರಿಸಿದ. “ಕೇಳು ಈ ಬೀರುನ! ಕಿಟಕಿಯಿಂದ ಬಂದ್ರೆ ಕಿಟಕಿ ಕೆಳಗೆ ಇದಾನೆ, ಲಾರಿ ಹತ್ತಿದ್ರೆ ಲಾರಿ ಮೇಲಿದಾನೆ! ಚೌಕದಲ್ಲಿ ಇಕ್ಕಳದ ಹಾಗೆ ಹಿಡ್ಕೊಂಡ! ನಿನ್ನ ಹತ್ರ ಬರೋಕೆ ನಾನು ಇನ್ನೇನ್ ಮಾಡ್ಲಿ?”

ಮೆಟ್ಟಿಲ ಮೇಲೆ ತಮಟೆ ಬಡಿಯುತ್ತಿದ್ದವನ ಕೈ ನಿಂತಿತು.

“ಒಂದ್ನಿಮಿಷ,” ಎಂದಳು ಎರ್ಮಿನಿಯಾ. “ನನಗೆ ಅರ್ಥ ಆಗ್ಲಿಲ್ಲ. ಅವನು ಓಡಿಹೋಗ್ತಿದ್ದದ್ದು...”

“ನನ್ನ ಹತ್ರ ಅಮ್ಮ!”

“ನೀನು ಓಡಿಹೋಗ್ತಿದ್ದದ್ದು?”

“ಅವನ ಜೊತೆ! ಕೋರ್ದೊಬಾದಲ್ಲಿ ಚಿಕ್ಕಮ್ಮನ ಮನೇಲಿ, ಗುಡ್ಡದ ಮೇಲಿನ ಸಣ್ಣ ಚರ್ಚಲ್ಲಿ, ಇವತ್ತು ಸಾಯಂಕಾಲವೇ ಮದುವೆ ಆಗಿ ಅಲ್ಲೇ ಇದ್ದುಬಿಡೋದು ಅಂತ.”

“ಮದುವೆ ಇಲ್ಲೇ ಇಟ್ಟಿತ್ತಲ್ಲೇ, ಮೂದೇವಿ! ಅದೇ ಗಂಡು, ಅದೇ ಹೆಣ್ಣು!”

“ಮದುವೆ ಬೇಡ ಅಂತಲ್ಲಮ್ಮ. ಆ ಕೋಣೆ ಬೇಡ. ನೀನು ಗೋಡೆ ಆಚೆ ಕೆಮ್ಮಿದ್ರೆ ನಮ್ಮ ದೀಪ ಅಲುಗಾಡುತ್ತೆ.”

ಎರ್ಮಿನಿಯಾ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೇರಿಯ ಕಣ್ಣುಗಳೆಲ್ಲ ನಿಧಾನವಾಗಿ ಗೌನಾನತ್ತ ತಿರುಗಿದವು. ಬಾಸಿಲಿಯೊಗೆ ಹೋಗಿದ್ದ ಗಂಟಲು ವಾಪಸು ಬಂತು.

“ಅಲ್ಲಯ್ಯ ಬೀರು, ಹಿಡೀಬೇಕಾದವನನ್ನ ಆವತ್ತು ಬಿಟ್ಟೆ, ಬಿಡಬೇಕಾದವನನ್ನ ಇವತ್ತು ಹಿಡ್ದೆಯಲ್ಲ!”

ಒಬ್ಬ ನಕ್ಕ, ಇನ್ನೊಬ್ಬ ನಕ್ಕ, ಕಡೆಗೆ ಮೆಟ್ಟಿಲುಗಳೇ ನಕ್ಕಂತಾಯಿತು. ಗೌನಾ ಕೈಯಲ್ಲಿದ್ದ ಕಾಲರನ್ನು ಮಡಚಿ, ಬಹಳ ಮರ್ಯಾದೆಯಿಂದ, ಫೆರ್ಮಿನ್‌ನ ಜೇಬಿಗೆ ಹಾಕಿದ.

“ನೋಡಿ,” ಎಂದಳು ಅಧಿಕಾರಿಣಿ, “ನಾನು ಐದಕ್ಕೆ ಬಾಗಿಲು ಹಾಕ್ತೀನಿ. ನೀವು ಮದುವೆ ಆಗ್ತೀರೋ, ಜಗಳ ಆಡ್ತೀರೋ?”

ಮಾರಿಸೆಲ್ ಫೆರ್ಮಿನ್‌ನ ಮೂರು ಗಾಯದ ಗಲ್ಲ ನೋಡಿದಳು, ಬರಿಗಾಲು ನೋಡಿದಳು. ಅವಳ ತುಟಿ ಅಂಚಿನಲ್ಲಿ ಏನೋ ಮಿಂಚಿತು. “ಇಷ್ಟೆಲ್ಲ ಮಾಡಿದ್ಯಾ ನನ್ನ ಹತ್ರ ಬರೋಕೆ?” ಎಂದಳು. ಆಮೇಲೆ ಅಧಿಕಾರಿಣಿಯ ಕಡೆ ತಿರುಗಿ, “ಹೇಗೂ ಬಂದಾಯ್ತಲ್ಲ. ಮಾಡಿಸಿ,” ಎಂದಳು.

ಮದುವೆಯಾಯಿತು. ಅಕ್ಕಿ ಎರಚಿದರು. ಕೇರಿಯ ಬೀದಿಯಲ್ಲಿ ಮೇಜು ಹಾಕಿ, ಕೆಂಡದ ಮೇಲೆ ಮಾಂಸ ಸುಟ್ಟು, ಅಕಾರ್ಡಿಯನ್ ಬಾರಿಸಿ ಕುಣಿದರು. ಗೌನಾ ಯಾರ ಕಣ್ಣಿಗೂ ಬೀಳದೆ ಮನೆ ಸೇರುವ ಅಂದಾಜಿನಲ್ಲಿ ಗೋಡೆ ಹಿಡಿದು ಕುಂಟುತ್ತಿದ್ದ. ಅವನ ಗಾತ್ರದವನಿಗೆ ಅದು ಸುಲಭವಲ್ಲ. ಮದುಮಗಳೇ ಅಡ್ಡ ಬಂದಳು.

“ಎಲ್ಲಿಗೆ ಹೊರಟ್ರಿ? ಕೋರ್ದೊಬಾ ಬಸ್ಸು ನಿಮ್ಮಿಂದ ತಪ್ಪಿತು. ಅಮ್ಮನ ಕೋಣೆಗೆ ನಾನು ಕಾಲಿಡಲ್ಲ. ಈಗ ನಾವಿಬ್ರೂ ಎಲ್ಲಿ ಮಲಗೋದು ಹೇಳಿ?”

ಗೌನಾ ಬಾಯಿ ತೆರೆಯುವ ಮೊದಲೇ ಸುಲೆಮಾ ಉತ್ತರ ಕೊಟ್ಟಳು. “ನಮ್ಮ ಮಹಡಿ ಕೋಣೆ ಖಾಲಿ ಇದೆಯಲ್ಲ ಪುಟ್ಟಿ!”

ಅದು ಖಾಲಿ ಇರಲಿಲ್ಲ. ಅದರಲ್ಲಿ ಗೌನಾ ಮಧ್ಯಾಹ್ನ ನಿದ್ದೆ ಮಾಡುತ್ತಿದ್ದ, ರೇಡಿಯೊ ಕೇಳುತ್ತಿದ್ದ, ಹೆಂಡತಿಯ ಮಾತು ಕೇಳದೆ ಇರುತ್ತಿದ್ದ. ಆದರೆ ಆ ದಿನ ಅವನಿಗೆ ‘ಆಗಲ್ಲ’ ಎನ್ನುವ ಅಧಿಕಾರ ಉಳಿದಿರಲಿಲ್ಲ.

ಮಗಳು ಪಕ್ಕದ ಮನೆಯಲ್ಲೇ ಇರುತ್ತಾಳೆಂದು ಕೇಳಿ ಎರ್ಮಿನಿಯಾಳಿಗೆ ಹೋದ ಜೀವ ಬಂತು. ಕಣ್ಣೊರೆಸಿಕೊಂಡು ಎದ್ದಳು. “ಬೀರುವಿನ ಮಹಡಿ ಕೋಣೆಗೂ ನನ್ನ ಕೋಣೆಗೂ ನಡುವೆ ಇರೋದು ಒಂದೇ ಗೋಡೆ!” ಎಂದು ಕೂಗಿದಳು. “ಒಂದು ಬಾಗಿಲು ಇಟ್ಬಿಟ್ರೆ ಮುಗೀತು! ಹೂರಣ ತುಂಬಿದ ಬಿಸಿಬಿಸಿ ರವಿಯೋಲಿ ಸೀದಾ ಮಂಚಕ್ಕೇ ಕೊಡ್ತೀನಿ!” ಮದುವೆಗೆ ಬಂದಿದ್ದವರಲ್ಲಿ ಒಬ್ಬ ಗಾರೆ ಕೆಲಸದವನಿದ್ದ. ಅವನ ಹೊಟ್ಟೆಯಲ್ಲಿ ವೈನ್ ಇತ್ತು, ಕೈಗೆ ಸುತ್ತಿಗೆ ಬಂತು. ಉಳಿದವರು ಹುರಿದುಂಬಿಸಿದರು. ಸ್ವಲ್ಪ ಹೊತ್ತಿಗೆ ಎರ್ಮಿನಿಯಾಳ ಮನೆಯೊಳಗಿಂದ ಅಕಾರ್ಡಿಯನ್ನಿನ ತಾಳಕ್ಕೆ ಧಡ್ ಧಡ್ ಎಂದು ಇಟ್ಟಿಗೆ ಒಡೆಯುವ ಸದ್ದು ಶುರುವಾಯಿತು.

ತನ್ನದೇ ಗೋಡೆ ಬೀಳುತ್ತಿರುವುದು ಗೌನಾನಿಗೆ ಅರಿವಾದಾಗ ಅವನು ಮಂಡಿ ಹಿಡಿದುಕೊಂಡು ಮಹಡಿ ಮೆಟ್ಟಿಲು ಹತ್ತತೊಡಗಿದ. ಅರ್ಧದಲ್ಲಿ ತಲೆಯೆತ್ತಿದರೆ, ಮೇಲಿನಿಂದ ಮಾರಿಸೆಲ್ ಮತ್ತು ಫೆರ್ಮಿನ್ ತುದಿಗಾಲಲ್ಲಿ ಇಳಿದು ಬರುತ್ತಿದ್ದರು. ಇಬ್ಬರ ಕೈಯಲ್ಲೂ ಪೆಟ್ಟಿಗೆ.

ಮೂವರೂ ನಿಂತರು. ಆ ಮೆಟ್ಟಿಲು ಕಿರಿದು. ಗೌನಾ ಇದ್ದಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ.

“ರಾತ್ರಿ ಇನ್ನೊಂದು ಬಸ್ಸಿದೆ, ದೊನ್ ಎದೆಲ್ಮಿರೊ,” ಎಂದ ಫೆರ್ಮಿನ್ ಬಹಳ ಸಣ್ಣ ದನಿಯಲ್ಲಿ.

ಆಚೆಯಿಂದ ಧಡ್ ಎಂದಿತು. ಗೌನಾ ಫೆರ್ಮಿನ್‌ನ ಸೊಂಟ ನೋಡಲಿಲ್ಲ, ಮುಖ ನೋಡಿದ. ಆಮೇಲೆ ಅವನು ತನ್ನ ಜೀವಮಾನದಲ್ಲಿ ಎಂದೂ ಮಾಡದ ಕೆಲಸ ಮಾಡಿದ. ಹೊಟ್ಟೆ ಒಳಗೆಳೆದುಕೊಂಡು, ಬೆನ್ನು ಗೋಡೆಗೆ ಹಚ್ಚಿ, ದಾರಿ ಬಿಟ್ಟ. ಫೆರ್ಮಿನ್ ತೂರಿಕೊಂಡು ಹೋದ. ಮಾರಿಸೆಲ್ ಹೋಗುವಾಗ ಅವನ ಕೆನ್ನೆಗೊಂದು ಮುತ್ತಿಟ್ಟು ಹೋದಳು. ಕೆಳಗೆ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಗೌನಾ ಕೋಣೆ ಸೇರುವುದಕ್ಕೂ ಗೋಡೆ ಬೀಳುವುದಕ್ಕೂ ಸರಿಹೋಯಿತು. ಧೂಳಿನ ನಡುವೆ ದೊಡ್ಡದೊಂದು ತೂತು. ತೂತಿನಲ್ಲಿ ದೊನ್ಯಾ ಎರ್ಮಿನಿಯಾ, ಕೈಯಲ್ಲಿ ಹೊಗೆಯಾಡುವ ರವಿಯೋಲಿ ತಟ್ಟೆ.

“ಮಕ್ಕಳೆಲ್ಲಿ?”

“ಹೋದ್ರು.”

“ನೀನೇನ್ ಮಾಡ್ತಿದ್ದೆ?”

“ನೋಡ್ತಾ ನಿಂತಿದ್ದೆ.”

ಗೌನಾ ಕಣ್ಣು ಮುಚ್ಚಿ ಏಟಿಗೆ ಕಾದ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಎರ್ಮಿನಿಯಾ ಅವನನ್ನೇ ಅಡಿಯಿಂದ ಮುಡಿಯವರೆಗೆ ಅಳೆಯುತ್ತಿದ್ದಳು, ಸಂತೆಯಲ್ಲಿ ಎತ್ತನ್ನು ಅಳೆಯುವ ಹಾಗೆ.

“ಅಂಗಡೀಲಿ ದಿನಾ ಬೆಳಿಗ್ಗೆ ಹಿಟ್ಟು ನಾದೋಕೆ ಅಳಿಯ ಸಿಗ್ತಾನೆ ಅಂತ ಇದ್ದೆ,” ಎಂದಳು. “ಎಲ್ಲಿ, ನಿನ್ನ ಕೈ ತೋರ್ಸು.”

ಗೌನಾ ತೋರಿಸಿದ.

“ಪರವಾಗಿಲ್ಲ, ದೊಡ್ಡದಾಗೇ ಇದೆ. ನಾಳೆ ಕೋಳಿ ಕೂಗೋ ಹೊತ್ತಿಗೆ ಬಂದು ಎಬ್ಬಿಸ್ತೀನಿ. ಇನ್ನು ಬೀದಿ ಸುತ್ತಿ ಬರೋ ಕಷ್ಟವೂ ಇಲ್ಲ.” ತಟ್ಟೆಯನ್ನು ಅವನ ಕೈಗಿಟ್ಟು, ರೇಷ್ಮೆ ಲಂಗ ಎತ್ತಿ ಹಿಡಿದು, ಇಟ್ಟಿಗೆ ದಾಟಿ ಆ ಕಡೆಯಿಂದ ಈ ಕಡೆಗೆ ಬಂದೇಬಿಟ್ಟಳು. “ಸುಲೆಮಾ! ಉಪ್ಪೆಲ್ಲಿಟ್ಟಿದೀಯೇ?”

ಅವಳನ್ನು ತಡೆಯುವವರು ಯಾರೂ ಇರಲಿಲ್ಲ. ತಡೆಯುವ ಕಸುಬಿನವನು ಎರಡೂ ಕೈಯಲ್ಲಿ ಬಿಸಿ ತಟ್ಟೆ ಹಿಡಿದು, ಅದನ್ನು ಎಲ್ಲಿಡುವುದೆಂದು ತಿಳಿಯದೆ, ಧೂಳಿನಲ್ಲಿ ನಿಂತಿದ್ದ.